ತುರ್ತಿಗೆ ನನ್ನ ಹೆಸರು

ಡಿಕೆಲೆಡಿ,

ನಾನೆಷ್ಟು ಸುಖವಾಗಿದ್ದೇನೆ ಎಂದು ಬರೆದು ನಿನ್ನ ಹೊಟ್ಟೆ ಉರಿಸಬೇಕು ಅನ್ನಿಸುತ್ತದೆ. ಆದರೆ ಕಳಿಸುವುದಿಲ್ಲ, ನಿನ್ನಂಥವಳಿಗೆ ಅಂಚೆಚೀಟಿಯೂ ದಂಡ. ಮೊಲೆಫಿ ಈಗ ನನ್ನ ಗಂಡ, ನನ್ನ ಗಂಡ! ಎಷ್ಟು ಸಲ ಹೇಳಿಕೊಂಡರೂ ಸಾಲದು.

ನಿನ್ನ ಮತ್ತು ಅವನ ಮಗಳು ಪಲೆಸಾ ಯಾವಾಗ ಯಾರ ಬಳಿ ಇರಬೇಕೆಂದು ಗೊತ್ತುಮಾಡಲು ಇವತ್ತು ಬ್ಲೂಮ್‌ಫಾಂಟೇನಿನ ಕಚೇರಿಗೆ ನೀನು ಬಂದ ಅವತಾರವೋ! ತಲೆಗೆ ವಸ್ತ್ರ ಬಿಗಿದು, ಚರ್ಚಿನ ಹೆಂಗಸರ ಹಾಗೆ ಮುಖ ಮಾಡಿಕೊಂಡು, ದೊಡ್ಡ ಸಾಧ್ವಿ.

"ಶನಿವಾರ ಭಾನುವಾರ ಪಲೆಸಾ ಅಪ್ಪನ ಮನೇಲಿರ್ಲಿ. ಆದ್ರೆ ಗೆಳತಿ ಗಂಡನ್ನ ಕದ್ದ ಈ ಕೈಯಿಂದ ಮೊಟೊಹೊ ಗಂಜಿ ಕುಡಿಸೋದು ಬೇಡ," ಎಂದು ನೀನು ನನ್ನ ಕೈ ತೋರಿಸಿದೆ.

ಸಂಧಾನಕ್ಕೆ ಕೂತಿದ್ದ ಹಿರಿಯಾಕೆ ಕನ್ನಡಕದ ಮೇಲಿಂದ ನಿನ್ನನ್ನು ನೋಡಿದರು. "ಮಗೂನ ಉಪವಾಸ ಕೆಡವ್ತೀಯೇನಮ್ಮ?"

ನಾನು ಬೇಕೆಂದೇ ಜೋರಾಗಿ ನಕ್ಕೆ.

ಆಮೇಲೆ ಅವರು ಕೇಳಿದರು: "ಅಪ್ಪ ಅಮ್ಮ ಇಬ್ರೂ ಫೋನ್ ಎತ್ತದಿದ್ರೆ ಶಾಲೆಯವ್ರು ಯಾರನ್ನ ಕರೀಬೇಕು?"

"ನಮ್ಮಮ್ಮನ್ನ," ಎಂದ ಮೊಲೆಫಿ.

"ನಿಮ್ಮಮ್ಮನ್ನಾ? ಪ್ರಾರ್ಥನೆಗೆ ಕೂತ್ರೆ ಮನೆ ಸುಟ್ರೂ ಏಳಲ್ಲ ಅವ್ರು. ಇವಳ ಹೆಸರು ಬರ್ಕೊಳ್ಳಿ," ಎಂದು ನೀನು ನನ್ನ ಕಡೆ ಗದ್ದ ಎತ್ತಿದೆ. "ಕಳ್ಳಿ. ಆದ್ರೆ ಪಲೆಸಾಗೆ ಏನಾದ್ರೂ ಆಯ್ತು ಅಂದ್ರೆ ಬರಿಗಾಲಲ್ಲೇ ಓಡ್ತಾಳೆ."

ನನ್ನ ನಂಬರ್ ಕೇಳಿದಾಗ ಮೊಲೆಫಿ ಫೋನಿನಲ್ಲಿ ಹುಡುಕತೊಡಗಿದ. ನೀನು ಬಾಯಿಪಾಠ ಒಪ್ಪಿಸಿದೆ. ಎಷ್ಟು ಕೊಬ್ಬು ನಿನಗೆ!

ನಿನ್ನ ಕಾಟ ತಪ್ಪಲೆಂದು ನಂಬರ್ ಬದಲಿಸು ಎಂದು ಅವನು ಮದುವೆಯ ದಿನದಿಂದ ಹೇಳುತ್ತಿದ್ದಾನೆ. ಸಂಜೆ ಮತ್ತೆ ಹೇಳಿದ. ಶಾಲೆಗೆ ಕೊಟ್ಟಾಯಿತಲ್ಲ, ಇನ್ನು ಬದಲಿಸಲು ಆಗುವುದಿಲ್ಲ ಎಂದುಬಿಟ್ಟೆ.