ನಾಲ್ಕೇ ಗಂಟೆಯ ದಾರಿ

ಅಣ್ಣಾ,

ಅಂತೂ ಬಂದಿಳಿದೆ. ಮಗಳು, ಮೊಮ್ಮಗು ಇಬ್ಬರೂ ಚೆನ್ನಾಗಿದ್ದಾರೆ. ಬೆಳಿಗ್ಗೆ ಹತ್ತಕ್ಕೆ ಹೊರಟು ಮಧ್ಯಾಹ್ನ ಎರಡಕ್ಕೆ ಇಳಿಯುವ ವಿಮಾನ, ನಾಲ್ಕೇ ಗಂಟೆ ದಾರಿ ಎಂದು ಟಿಕೆಟ್ ನೋಡಿ ಹೇಳಿದ್ದೆಯಲ್ಲ, ಅದನ್ನು ನಂಬಿ ನಾಲ್ಕು ಗಂಟೆಯಾದೊಡನೆ ಚೀಲ ಹೆಗಲಿಗೇರಿಸಿ ಬಾಗಿಲ ಬಳಿ ನಿಂತೆ. ಗಗನಸಖಿ ಬಂದು, "ಹನ್ನೆರಡು ಸಾವಿರ ಕಿಲೋಮೀಟರ್ ಅಮ್ಮಾ, ಇನ್ನೂ ಹತ್ತೂವರೆ ಗಂಟೆ ಇದೆ, ಕೂತ್ಕೊಳ್ಳಿ" ಎಂದಳು. ಇಲ್ಲಿನ ಗಡಿಯಾರ ನಮ್ಮದಕ್ಕಿಂತ ಹತ್ತೂವರೆ ಗಂಟೆ ಹಿಂದೆಯಂತೆ. ಊರವರ ಗಡಿಯಾರವನ್ನೆಲ್ಲ ರಿಪೇರಿ ಮಾಡುವ ನಿನಗೆ ಇದು ಹೊಳೆಯಲಿಲ್ಲವಲ್ಲ. ನಿನ್ನನ್ನು ಬೈದುಕೊಂಡೇ ಕೂತೆ. ಆದರೆ ಒಳ್ಳೆಯದೇ ಆಯಿತು, ಮಗುವಿನ ಸ್ವೆಟರಿಗೆ ಬಾಕಿಯಿದ್ದ ಎರಡೂ ತೋಳು ಹೆಣೆದು ಮುಗಿಸಿದೆ. ಇಲ್ಲಿ ಕೊರೆಯುವ ಚಳಿ, ಈಗ ಮಗು ಅದನ್ನೇ ತೊಟ್ಟು ಮಲಗಿದೆ.

ವಿಮಾನದಲ್ಲಿ ಕೂತೂ ಕೂತೂ ಬಂದಿದ್ದ ನನ್ನ ಕಾಲಿನ ಊತ ಇಳಿದಿದೆ. ವಾಪಸು ಬರುವಾಗ ಬೆಳಿಗ್ಗೆ ಹತ್ತಕ್ಕೆ ಹತ್ತಿ ಮರುದಿನ ಹತ್ತಕ್ಕೆ ಇಳಿಯುತ್ತೇನೆ. ಅದು ಎಷ್ಟು ಗಂಟೆಯ ದಾರಿ ಎಂಬ ಲೆಕ್ಕವನ್ನು ಈ ಸಲ ಅತ್ತಿಗೆ ಹಾಕಲಿ.

ನಿನ್ನ ತಂಗಿ