ಲೈಲನ ಎಡಗೈ

ಬ್ರೂಟನ್, ಅಲಬಾಮಾ
ಸೋಮವಾರ, 14 ಆಗಸ್ಟ್ 1967

ಪ್ರೀತಿಯ ತಮ್ಮ ವೆಲ್ಡನ್,

ಹೇಗಿದ್ದೀ? ತೊಡೆಯ ಗಾಯ ಒಣಗಿತೆ? ಪಿನ್ನಿಗೆ ತುಕ್ಕು ಹಿಡಿದಿತ್ತೋ ಏನೋ, ನೀನು ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡೆಯೋ ಇಲ್ಲವೋ ಎಂದು ಇಲ್ಲಿ ನಾನೊಬ್ಬಳೇ ಚಿಂತೆ ಮಾಡುತ್ತಿದ್ದೇನೆ. ಚುಚ್ಚಿದವರಿಗೆ ಯಾವ ಚಿಂತೆಯೂ ಇಲ್ಲ. ನಮ್ಮತ್ತೆ ಈಗಲೂ ಚರ್ಚಿನ ಮೆಟ್ಟಿಲ ಮೇಲೆ ಟೋಪಿಯ ಪಿನ್ನು ಎಳೆದು ಎಲ್ಲರಿಗೂ ತೋರಿಸುತ್ತಾರೆ: "ಆ ಬೂದು ಭೂತದ ತೊಡೆಗೆ ಇಷ್ಟುದ್ದ ಇಳಿಸಿದೀನಿ ಕಣ್ರೇ. ನನ್ ಮಗನ ಕುತ್ತಿಗೆ ಮುರಿದೋನು, ಇನ್ನೊಂದ್ಸಲ ಕುಸ್ತಿ ಕಣದ ಹಗ್ಗದ ಹತ್ರ ಬರ್ಲಿ, ನೋಡ್ಕೋತೀನಿ." ಆ ಮುಖವಾಡದೊಳಗಿರುವುದು ಕ್ರಿಸ್‌ಮಸ್ಸಿಗೆ ತಾವೇ ಪೆಕಾನ್ ಪೈ ಬಡಿಸಿದ ಸೊಸೆಯ ತಮ್ಮ ಎಂದು ಅವರಿಗೆ ಹೇಳುವವರು ಯಾರು? "ನಿನ್ ತಮ್ಮನ್ನ ನೋಡು, ಟ್ರಾಕ್ಟರ್ ಸಾಮಾನು ಮಾರ್ಕೊಂಡು ಎಷ್ಟು ಸಾಧುವಾಗಿದಾನೆ. ನಿನ್ ಗಂಡ ಲೈಲ್‌ಗೂ ಅಂಥದೊಂದು ಕೆಲಸ ಹುಡುಕಬಾರ್ದಾ" ಎಂದು ನಿನ್ನೆ ತಾನೇ ನನಗೆ ಹೇಳಿದರು. ನಾನು ಹೂಂ ಅಂದೆ.

ಟೆಲಿಫೋನ್ ಮಾಡಬಹುದಿತ್ತು. ಆದರೆ ನಮ್ಮ ಲೈನಿನಲ್ಲಿ ಇನ್ನೂ ಮೂರು ಮನೆಗಳಿವೆ, ಯಾರು ಫೋನು ಎತ್ತಿದರೂ ನಮ್ಮ ಮಾತು ಕೇಳಿಸುತ್ತದೆ, ಅದರಲ್ಲೊಂದು ಮನೆ ಶ್ರೀಮತಿ ಗ್ಯಾಸ್ಕಿನ್ ಅವರದು. ಚಾಂಪಿಯನ್ನನ ಹೆಂಡತಿ ಬೂದು ಭೂತದ ಜತೆ ಮಾತಾಡುತ್ತಾಳೆಂದು ಗೊತ್ತಾದರೆ ನಿಮ್ಮ ಹಗೆತನವೆಲ್ಲ ನಾಟಕವೆಂದು ಬಯಲಾಗಿ ನಿಮ್ಮಿಬ್ಬರಿಗೂ ಈ ಕರಾವಳಿಯಲ್ಲಿ ಮತ್ತೆ ಕುಸ್ತಿ ಸಿಗುವುದಿಲ್ಲ. ಅದಕ್ಕೇ ಪೆನ್ಸಕೋಲಾದ ನಿನ್ನ ಮೋಟೆಲ್ಲಿಗೆ ಅಮ್ಮನ ತವರಿನ ಹೆಸರು ಹಾಕಿ ಈ ಕಾಗದ ಬರೆಯುತ್ತಿದ್ದೇನೆ. ಗುರುವಾರಕ್ಕಾದರೂ ನಿನ್ನ ಕೈ ಸೇರಲಿ.

ವೆಲ್ಡನ್, ನನಗೆ ಭಯವಾಗಿದೆ. ಸಣ್ಣದನ್ನು ದೊಡ್ಡದು ಮಾಡುವುದು ನನ್ನ ಅಭ್ಯಾಸವಲ್ಲ ಎಂದು ನಿನಗೆ ಗೊತ್ತು. ಬಿರುಗಾಳಿಗೆ ಚಾವಣಿ ಹಾರಿದಾಗಲೂ ನಾನು ನಿನಗೆ ಒಂದು ಕಾರ್ಡು ಮಾತ್ರ ಬರೆದಿದ್ದೆ. ಜುಲೈಯಲ್ಲಿ ಹ್ಯಾಟೀಸ್‌ಬರ್ಗಿನ ಕುಸ್ತಿಯಲ್ಲಿ ನೀನು ಲೈಲನನ್ನು ತಲೆಕೆಳಗಾಗಿ ಎತ್ತಿ, ತೊಡೆಗಳ ನಡುವೆ ಬಿಗಿಹಿಡಿದು ಧಪ್ಪೆಂದು ಕುಳಿತೆಯಲ್ಲ, ಅವತ್ತು ಕ್ಯಾನ್ವಾಸಿನ ಕೆಳಗಿನ ಹಲಗೆಯೊಂದು ಜರುಗಿತ್ತಂತೆ. ತಪ್ಪು ನಿನ್ನದಲ್ಲ. ನೂರು ಸಲ ನೀವಿಬ್ಬರೂ ಆ ಪಟ್ಟು ಮಾಡಿದ್ದೀರಿ, ನೂರು ಸಲವೂ ಅವನ ತಲೆ ನೆಲ ಮುಟ್ಟಿಲ್ಲ. ಅವತ್ತು ಮುಟ್ಟಿತು. ಅವನು ನಗುತ್ತಲೇ ಎದ್ದ, ಕಾರಿನಲ್ಲಿ ಉದ್ದಕ್ಕೂ ಹಾಡಿಕೊಂಡೇ ಬಂದ.

ಇನ್ನು ಆ ಕಾಲರಿನ ವಿಷಯ. ಕುತ್ತಿಗೆಗೆ ಆಸ್ಪತ್ರೆಯ ಕಾಲರ್ ಪಟ್ಟಿ ಹಾಕಿಕೊಂಡು ಓಡಾಡು, ಶನಿವಾರದ ಪಂದ್ಯಕ್ಕೆ ಜನ ಬರುತ್ತಾರೆ ಎಂದು ಹೇಳಿದವನು ಸಂಘಟಕ ಕ್ರ್ಯಾಂಡಲ್. ಹಾಗಾಗಿ ಈಗ ಊರಿನವರೆಲ್ಲ ಲೈಲನಿಗೆ ನೋವಾಗಿದೆ ಎಂದು ಅಳುತ್ತಾರೆ, ಈ ಕಸುಬಿನವರೆಲ್ಲ ನಗುತ್ತಾರೆ. ಮೊನ್ನೆ ಕಣದಲ್ಲಿ ಅವನ ಜೋಡಿಯಾಗಿ ಆಡುವ ಬಕ್ ಬಂದವನು, "ಎಷ್ಟು ಚೆನ್ನಾಗಿ ನಾಟಕ ಆಡ್ತೀಯೋ ಮಾರಾಯಾ, ತಟ್ಟೆ ಕಡೆ ಬಗ್ಗಿ ನೋಡೋಕೂ ಆಗ್ದೋನ ಥರ!" ಎಂದು ಬೆನ್ನು ತಟ್ಟಿದ. ಲೈಲನ ಮುಖ ಸುಣ್ಣವಾದದ್ದನ್ನು ನಾನು ನೋಡಿದೆ. ಬಕ್ ನೋಡಲಿಲ್ಲ. ನೀನೂ ಟೀವಿಯಲ್ಲಿ ಆ ಕಾಲರನ್ನು ಆಡಿಕೊಂಡು ನಕ್ಕೆ. ಅದು ನಿನ್ನ ಕೆಲಸ, ನಾನು ತಪ್ಪು ತಿಳಿಯುವುದಿಲ್ಲ. ಆದರೆ ಕಾಲರಿನ ಒಳಗಿರುವುದು ಸುಳ್ಳಲ್ಲ.

ಅವನಿಗೆ ಎಡಗೈಯಲ್ಲಿ ಅಂಗಿಯ ಗುಂಡಿ ಸಿಗುವುದಿಲ್ಲ. ಕಾಫಿಯ ಬಟ್ಟಲು ಹಿಡಿದಿದ್ದೇನೆ ಅಂದುಕೊಂಡಿರುತ್ತಾನೆ, ಅದು ಆಗಲೇ ನೆಲದ ಮೇಲಿರುತ್ತದೆ. ಶುಕ್ರವಾರ ನಾನು ಬೆಂಡೆಕಾಯಿ ಕರಿಯುತ್ತಿದ್ದಾಗ ಒಲೆಯ ಪಕ್ಕಕ್ಕೆ ಒರಗಿ ನಿಂತು ಅತ್ತೆಯನ್ನು ರೇಗಿಸುತ್ತಿದ್ದ. ಚರ್ಮ ಸುಟ್ಟ ವಾಸನೆ ಬಂತು. ತಿರುಗಿ ನೋಡಿದರೆ ಅವನ ಎಡ ಅಂಗೈ ಕಾದ ಕಬ್ಬಿಣದ ಮೇಲಿತ್ತು. ಅವನಿನ್ನೂ ನಗುತ್ತಲೇ ಇದ್ದ. ನಾನು ಕೈ ಎಳೆದಾಗ ಅದನ್ನು ಯಾರದ್ದೋ ಕೈಯೆಂಬಂತೆ ನೋಡಿದ. ಆಮೇಲೆ ಮೆಲ್ಲಗೆ, "ಏನಿಲ್ಲ ವರ್ನಾ, ಒಳಗೆ ಇರುವೆ ಹರಿದಾಡ್ದಂಗೆ ಆಗತ್ತೆ ಅಷ್ಟೆ" ಅಂದ.

ಇರುವೆ. ಆ ಮಾತು ನಾನು ಮೊದಲು ಕೇಳಿದ್ದು ಯಾರ ಬಾಯಲ್ಲಿ ಎಂದು ನಿನಗೆ ಹೇಳಬೇಕಿಲ್ಲ. ಆದರೆ ನೀನಾಗ ಚಿಕ್ಕವನು, ಅಪ್ಪನ ಗಾಲಿಕುರ್ಚಿಯನ್ನು ಮಾತ್ರ ನೋಡಿದ್ದೀ, ಕುರ್ಚಿಗೆ ಹೋಗುವ ಮೊದಲಿನದನ್ನು ನೋಡಲಿಲ್ಲ. ಮೊದಲು ಇರುವೆ. ಆಮೇಲೆ ಬಟ್ಟಲು. ಆಮೇಲೆ ಒಂದು ದಿನ ಅಂಗಳದ ಮೆಟ್ಟಿಲು ಹತ್ತಲು ಕಾಲೇ ಏಳಲಿಲ್ಲ.

ದಕ್ಷಿಣ ತೀರದ ಜೋಡಿ ಚಾಂಪಿಯನ್‌ಗಳ ಚರಿತ್ರೆ ಎಂದು ಈ ಸಲದ ಪುಸ್ತಿಕೆಯಲ್ಲಿ ಒಂದಿಡೀ ಪುಟ ಅಚ್ಚು ಹಾಕಿಸಿದ್ದಾರೆ. ಹವಾನಾ ನಗರದ ಮಹಾಪಂದ್ಯಾವಳಿಯಲ್ಲಿ ಹನ್ನೆರಡು ದೇಶಗಳ ಜೋಡಿಗಳನ್ನು ಸೋಲಿಸಿ ಆಲ್ಟನ್ ಮತ್ತು ರೂಬ್ ಕಾರ್ಸನ್ ಸಹೋದರರು ಮೊದಲ ಚಾಂಪಿಯನ್‌ಗಳಾದರು ಎಂದಿದೆ. ಅವರು ಅಲ್ಲಿ ಗೆದ್ದರೆನ್ನುವ ಆ ಮಧ್ಯಾಹ್ನ ಅಪ್ಪ ನಮ್ಮ ಹಿತ್ತಲಲ್ಲಿ ಮೀನು ಕರಿಯುತ್ತಿದ್ದ. ಅವನ 'ಸಹೋದರ' ರೂಬ್, ಪೋಲೆಂಡಿನಿಂದ ಹಡಗು ಹತ್ತಿ ಬಂದವನು, ಬಕೆಟ್ಟು ಮಗುಚಿ ಅದರ ಮೇಲೆ ಕುಳಿತು, "ಆಲ್ಟನ್, ನಾವೀಗ ಹವಾನಾದಲ್ಲಿ ಗೆಲ್ತಾ ಇದೀವಂತೆ, ಸ್ವಲ್ಪ ಉಪ್ಪು ಈ ಕಡೆ ತಳ್ಳು" ಅಂದದ್ದು ನನಗೆ ಚೆನ್ನಾಗಿ ನೆನಪಿದೆ. ಚಾಂಪಿಯನ್ನರ ಬೆಲ್ಟುಗಳನ್ನು ಹೊಲಿದುಕೊಟ್ಟವನು ಇದೇ ಬ್ರೂಟನ್ನಿನ ಕುದುರೆ ಜೀನುಗಾರ. ಆಮೇಲೆ ಬಂದ ಹೆಸರುಗಳೆಲ್ಲ ಆ ಪುಟದಲ್ಲಿವೆ: ಓಹಾಯೋದಲ್ಲಿ ಹುಟ್ಟಿದ ಆ ಇಬ್ಬರು ರಷ್ಯನ್ನರು, ಡಚ್ ಅವಳಿಗಳು, ಪಾದ್ರಿ ಮತ್ತು ಕಟುಕ. ಯಾರ ಮಂಡಿ ಹೋಯಿತು, ಯಾರ ಕಿವಿ ಹರಿಯಿತು, ಯಾರಿಗೆ ಈಗ ಒಂದು ಕಣ್ಣು ಕಾಣುವುದಿಲ್ಲ ಎಂಬುದು ಅದರಲ್ಲಿಲ್ಲ. ಅದು ನಮ್ಮಂಥ ಹೆಂಗಸರಿಗೆ ಗೊತ್ತು.

ಅಪ್ಪನ ಸಾಲು ಓದಿದೆಯಾ? "1951ರಲ್ಲಿ ಆಲ್ಟನ್ ಕಾರ್ಸನ್ ಎದುರಾಳಿಗಳಿಗೆ ಹೆದರಿ ಊರು ಬಿಟ್ಟದ್ದರಿಂದ ಬೆಲ್ಟನ್ನು ಹಿಂದಕ್ಕೆ ಪಡೆಯಲಾಯಿತು." ಇಷ್ಟು ವರ್ಷಗಳಲ್ಲಿ ಬೆಲ್ಟು ಕಣದ ಹೊರಗೆ ಕೈಬದಲಾದದ್ದು ಅದೊಂದೇ ಸಲ. ಊರು ಬಿಟ್ಟ ಮನುಷ್ಯ ನಮ್ಮ ಜಗಲಿಯಲ್ಲೇ ಕುಳಿತಿದ್ದ, ಚಮಚ ಹಿಡಿಯಲಾರದೆ. ಹಾಲು ತರಲು ಹೋದರೆ ಅಂಗಡಿಯವರು ನನ್ನನ್ನೇ ಕೇಳುತ್ತಿದ್ದರು: "ಏನಮ್ಮಾ, ನಿಮ್ಮಪ್ಪ ಎಲ್ಲಿ ಅಡಗಿದಾನೆ?" ಲೈಲ್ ಮದುವೆಗೆ ಮುಂಚೆ ಅಪ್ಪನಿಗೆ ಸೂಪು ಕುಡಿಸಿದವನು. ಅದಕ್ಕೇ ನಾನು ಡಾಕ್ಟರ ಹತ್ತಿರ ಹೋಗೋಣ ಅಂದಾಗಲೆಲ್ಲ ಒಂದೇ ಉತ್ತರ: "ಶನಿವಾರ ಬೆಲ್ಟು ವೆಲ್ಡನ್ ಕೈಗೆ ಹೋಗತ್ತೆ. ಕಣದಲ್ಲೇ ಕೊಡ್ತೀನಿ, ಜನರ ಮುಂದೆ ಕೊಡ್ತೀನಿ. ಮಾವನ ಥರ ಆಫೀಸಲ್ಲಿ ಬಿಚ್ಚಿಸ್ಕೊಳ್ಳಲ್ಲ. ಆಮೇಲೆ ಎಲ್ಲಿಗ್ ಬೇಕಾದ್ರೂ ಕರ್ಕೊಂಡ್ ಹೋಗು." ನಿನಗೆ ಏನೂ ಹೇಳಬಾರದೆಂದು ನನ್ನಿಂದ ಬೈಬಲ್ಲಿನ ಮೇಲೆ ಕೈ ಇಡಿಸಿದ್ದಾನೆ. ಇಟ್ಟೆ. ಬರೆಯುತ್ತಲೂ ಇದ್ದೇನೆ.

ಶನಿವಾರ ಡೋಥನ್ನಿನಲ್ಲಿ ಪಂದ್ಯ ಮುಗಿಯಬೇಕಾದದ್ದು ಅದೇ ಪಟ್ಟಿನಿಂದ ಎಂದು ನನಗೆ ಗೊತ್ತು. ಕ್ರ್ಯಾಂಡಲ್ ಅದನ್ನೇ ಭಿತ್ತಿಪತ್ರದಲ್ಲಿ ಚಿತ್ರ ಬರೆಸಿದ್ದಾನೆ. ನಮ್ಮ ಪೋಸ್ಟಾಫೀಸಿನ ಬಾಗಿಲಿಗೂ ಅದನ್ನು ಅಂಟಿಸಿದ್ದಾರೆ, ಲೈಲ್ ತಲೆಕೆಳಗಾಗಿ ನೇತಾಡುತ್ತಿದ್ದಾನೆ. ಸ್ಟ್ಯಾಂಪು ತರಲು ಹೋದವಳು ತೆಗೆದುಕೊಳ್ಳದೆ ವಾಪಸು ಬಂದೆ.

ನೀನು ನನ್ನ ಮಾತು ನಂಬಬೇಕಿಲ್ಲ. ನೀವೆಲ್ಲ ನೋವನ್ನು ನಟಿಸಿ ಬದುಕುವವರು, ನಿಮಗೆ ಬರೀ ಮಾತು ಸಾಲದು. ಅಪ್ಪ ನಮ್ಮ ಹಿತ್ತಲಲ್ಲಿ ಕುರ್ಚಿಯಲ್ಲಿ ಕೂತೇ ನಿಮ್ಮಿಬ್ಬರಿಗೂ ಮೊದಲು ಕಲಿಸಿದ್ದೇನು? ಎತ್ತುವ ಮೊದಲು ಎದುರಾಳಿಯ ಕೈ ಹಿಸುಕು; ಅವನು ತಿರುಗಿ ಹಿಸುಕಿದರೆ ಸರಿಯಾಗಿದ್ದಾನೆ ಅಂತ ಅರ್ಥ. ಯಾವಾಗಲೂ ಎಡಗೈ. ಶನಿವಾರ ಹಾಗೆ ಮಾಡಿ ನೋಡು. ನಿನಗೇ ತಿಳಿಯುತ್ತದೆ.

ಅತ್ತೆ ಪೀಚ್ ಹಣ್ಣಿನ ಮುರಬ್ಬ ಮಾಡಿದ್ದಾರೆ, ಸೊಸೆಯ ಸಾಧು ತಮ್ಮನಿಗೆಂದು ಎರಡು ಬಾಟಲಿ ಎತ್ತಿಟ್ಟಿದ್ದಾರೆ. ನಿನ್ನ ಜೋಡಿ ಸ್ಲಿಮ್‌ಗೆ ನನ್ನ ನೆನಪು ಹೇಳು, ಆದರೆ ಇದನ್ನು ಹೇಳಬೇಡ. ಮುಖವಾಡ ಒಗೆದು ಹಾಕಿಕೊ, ಸೆಕೆಗೆ ಬೊಬ್ಬೆಯೇಳುತ್ತದೆ. ದೇವರು ನಿನ್ನ ತೋಳುಗಳನ್ನು ಕಾಯಲಿ. ಈ ವಾರ ನಾನು ಬೇರೇನನ್ನೂ ಬೇಡಿಕೊಳ್ಳುತ್ತಿಲ್ಲ.

ನಿನ್ನ ಅಕ್ಕ,
ವರ್ನಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಬಕ್ ಬಂದ, ಅಂಗಳದಲ್ಲಿ ಲೈಲ್ ಕೊನೆಗೂ ಅವನಿಗೆ ಗುಟ್ಟು ಬಿಟ್ಟುಕೊಟ್ಟು ಹೇಳಿದ್ದು ಅಡಿಗೆಮನೆ ಕಿಟಕಿಯಿಂದ ಕೇಳಿಸಿತು. "ವೆಲ್ಡನ್ ಕೈ ಹಿಸುಕೋಕೆ ಬರ್ತಾನಲ್ಲ, ಬಲಗೈ ಕೊಡ್ತೀನಿ. ಕಾಲರ್ ಅಡ್ಡ ಬಂತು ಅಂದ್ಕೋತಾನೆ." ಅವನು ಬಲಗೈ ಚಾಚಿದರೆ ಅದನ್ನು ಬಿಡು. ಎಡಗೈ ಹುಡುಕಿ ಹಿಡಿ. ಹಿಸುಕು. ಉತ್ತರ ಬರುವುದಿಲ್ಲ, ವೆಲ್ಡನ್. ಆಗ ಎತ್ತಬೇಡ. ಅವನನ್ನು ಮೆತ್ತಗೆ ಅಂಗಾತ ಮಾಡಿ ಮೇಲೆ ಮಲಗಿಬಿಡು, ರೆಫ್ರಿ ಮೂರು ಎಣಿಸಿ ನೀನು ಗೆದ್ದೆ ಎನ್ನಲಿ. ಬೆಲ್ಟು ಕಣದಲ್ಲೇ, ಜನರ ಮುಂದೆಯೇ ಕೈಬದಲಾದಂತಾಗುತ್ತದೆ, ಅವನು ಕೇಳಿದ್ದೂ ಅಷ್ಟೇ. ಕ್ರ್ಯಾಂಡಲ್ ಕೂಗಾಡಲಿ, ಜನ ಬಾಟಲಿ ಎಸೆಯಲಿ. ಅತ್ತೆಯ ಪಿನ್ನು ನಾನು ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಿದ್ದೇನೆ. ಅವನು ತಾನಾಗಿ ಕಾಲು ಆಡಿಸುವವರೆಗೆ ಅವನ ಮೇಲಿಂದ ಏಳಬೇಡ.