ನೀರಿಲ್ಲದ ಗುರುವಾರ

ವಿಯಾ ಲೋಸ್ ಸೌಸೆಸ್, ಎಂತ್ರೆ ರಿಯೋಸ್
19 ಆಗಸ್ಟ್ 1998, ಬುಧವಾರ

ಪ್ರೀತಿಯ ಚಿಕ್ಕಮ್ಮ,

ಇವತ್ತು ಬೆಳಿಗ್ಗೆ ಮುಖ್ಯೋಪಾಧ್ಯಾಯಿನಿಯ ಕೋಣೆಯ ಬಾಗಿಲ ಮೇಲೆ ಹೆಸರಿನ ಫಲಕ ಇರಲಿಲ್ಲ. ಎರಡು ಮೊಳೆಯ ತೂತು, ನಡುವೆ ಬಣ್ಣ ಮಾಸದ ಒಂದು ಪಟ್ಟಿ. ಅದನ್ನೇ ನೋಡುತ್ತ ನಿಂತವಳಿಗೆ ಗಂಟೆ ಹೊಡೆದದ್ದೂ ಕೇಳಿಸಲಿಲ್ಲ.

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ಕ್ಷಮಿಸು. ಬ್ಯೂನಸ್ ಐರಿಸ್‌ನ ಚಳಿಗೆ ನಿನ್ನ ಮಂಡಿ ಹೇಗಿದೆ? ನಾನು ಚೆನ್ನಾಗಿದ್ದೇನೆ. ಊಟ ಸೇರುತ್ತದೆ, ನಿದ್ದೆಯೂ ಬರುತ್ತದೆ. "ಸಾಹಿತ್ಯ ಓದಿದವಳಿಗೆ ನಾಲ್ಕು ಜನರ ಹತ್ತಿರ ಮಾತಾಡೋಕೆ ಏನು ದಾಡಿ?" ಎಂದು ನೀನು ಕೇಳಿದ್ದೆ. ಈಗ ಅವರೇ ಮಾತಾಡುವುದಿಲ್ಲ. ಶಿಕ್ಷಕರ ಕೋಣೆಯಲ್ಲಿ ಮಾಟೆ ಕಷಾಯ ಕುಡಿಯುವ ಸೋರೆಬುರುಡೆ ಎಲ್ಲರ ಕೈಗೂ ಹೋಗುತ್ತದೆ. ನನ್ನ ಸರದಿ ಬಂದಾಗ ಪಕ್ಕದವರಿಗೆ ಕೊಡುತ್ತಾರೆ, ಅಷ್ಟೆ.

ನಡೆದದ್ದು ಇಷ್ಟು. ಆರನೇ ತಾರೀಖು ಗುರುವಾರ ಶಿಕ್ಷಕರ ಸಂಘ ಮುಷ್ಕರಕ್ಕೆ ಕರೆ ಕೊಟ್ಟಿತ್ತು. ಸಂಬಳ ಕಡಿತಕ್ಕೆಂದು ಮುಷ್ಕರ ಮಾಡಿದವರ ಪಟ್ಟಿಯನ್ನು ಇಲಾಖೆಗೆ ಕಳಿಸಬೇಕಾದವರು ಮುಖ್ಯೋಪಾಧ್ಯಾಯಿನಿ ನೆಲಿದಾ ಮೇಡಂ. ಅವರೂ ಸಂಘದ ಸದಸ್ಯೆಯೇ. ಹದಿಮೂರು ವರ್ಷದಲ್ಲಿ ಒಂದು ಪಟ್ಟಿಯನ್ನೂ ಕಳಿಸಿದವರಲ್ಲ. ಮುಷ್ಕರದ ದಿನವೆಂದರೆ ನಮ್ಮ ಶಾಲೆಯಲ್ಲಿ ಕಾಗದದ ಮೇಲೆ ನೀರಿನ ಟ್ಯಾಂಕ್ ತೊಳೆಯುವ ದಿನ. "ನೀರಿಲ್ಲ, ಶಾಲೆ ತೆರೆದಿಲ್ಲ" ಎಂದು ಒಂದು ಸಾಲು ಬರೆದು ಕಳಿಸುತ್ತಿದ್ದರು. ಬದಲಿಗೆ, ತಪ್ಪಿದ ಪಾಠಗಳನ್ನು ಶಿಕ್ಷಕರು ಶನಿವಾರ ಬಂದು ಮುಗಿಸಬೇಕು. ಭೂಗೋಳದ ಓವಿದಿಯೋ ಸಂಘದ ಪ್ರತಿನಿಧಿ. "ಶನಿವಾರವೂ ದುಡಿಸ್ತೀರಲ್ಲ ಮೇಡಂ, ನೀವು ಯಾವ ಸೀಮೆ ಸಂಘದವರು?" ಎನ್ನುತ್ತಿದ್ದ. "ಮೊದಲು ಮಕ್ಕಳಿಗೆ ನದಿಗಳ ಹೆಸರು ಕಲಿಸಪ್ಪ, ಆಮೇಲೆ ನನಗೆ ಸಂಘ ಕಲಿಸುವಿಯಂತೆ" ಎನ್ನುತ್ತಿದ್ದರು ಅವರು. ಶನಿವಾರ ಎಲ್ಲರಿಗಿಂತ ಮೊದಲು ಬರುತ್ತಿದ್ದವನು ಅವನೇ.

ಆ ಗುರುವಾರ ನಾನು ಶಾಲೆಗೆ ಹೋದೆ. ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ಖಾಲಿ ಕೋಣೆಯಲ್ಲಿ ಒಂದು ಗಂಟೆ ಕೂತು ಮನೆಗೆ ಬಂದೆ.

ಮರುವಾರ ಇಲಾಖೆಯ ಮೇಲ್ವಿಚಾರಕಿ ಬಂದು ಪುಸ್ತಕ ತಿರುವಿದರು. ಆ ಪುಟದಲ್ಲಿ ಇದ್ದದ್ದು ನನ್ನ ಸಹಿ ಮಾತ್ರ. "ಮುಚ್ಚಿದ ಶಾಲೆಯೊಳಗೆ ಈ ಹುಡುಗಿ ಹೇಗೆ ಬಂದಳು, ನೆಲಿದಾ?" ಎಂದು ಕೇಳಿದರು. "ಸುಳ್ಳು ಬರೆದದ್ದು ನಾನು. ಬೇರೆ ಯಾರನ್ನೂ ಕೇಳಬೇಡಿ" ಎಂದರು ಮೇಡಂ. ಅವರನ್ನು ಅಮಾನತು ಮಾಡಿದ್ದಾರೆ.

ನಿನ್ನೆ ತಮ್ಮ ಸಾಮಾನು ತೆಗೆದುಕೊಂಡು ಹೋಗಲು ಬಂದಿದ್ದರು. ಓವಿದಿಯೋ ನನ್ನ ಕಡೆ ಕೈ ತೋರಿಸಿ, "ನೋಡಿ ಮೇಡಂ, ನಮ್ಮ ಶಾಲೆಯ ಏಕೈಕ ಕರ್ತವ್ಯನಿಷ್ಠೆ ಇಲ್ಲೇ ಕೂತಿದ್ದಾಳೆ" ಎಂದ.

"ಬಾಯಿ ಮುಚ್ಚು. ಅವಳು ಬಂದು ಐದು ತಿಂಗಳಾಗಿಲ್ಲ. ನಮ್ಮ ಪದ್ಧತಿ ಅವಳಿಗೆ ನಿಮ್ಮಲ್ಲಿ ಯಾರು ಹೇಳಿದ್ರಿ? ಹೇಳಬೇಕಾದವಳು ನಾನು, ಮರೆತೆ. ತಪ್ಪು ನನ್ನದು" ಎಂದರು ಮೇಡಂ.

ನನ್ನ ಹೆಗಲ ಮೇಲೆ ಒಮ್ಮೆ ಕೈಯಿಟ್ಟು ಹೋದರು. ನನಗೆ ಅಳು ಬರಲಿಲ್ಲ. ಅವರ ಕೋಟಿನ ತೋಳಿನಲ್ಲಿ ಒಂದು ಗುಂಡಿ ಬೇರೆ ಬಣ್ಣದ್ದಿತ್ತು. ಅದನ್ನು ನೋಡಿದೆ.

ಮಂಡಿಯನ್ನು ಬೆಚ್ಚಗಿಟ್ಟುಕೋ. ಭಾನುವಾರ ಇಗರ್ಜಿಯಲ್ಲಿ ನನ್ನ ಹೆಸರಿಗೂ ಒಂದು ಮೇಣದಬತ್ತಿ ಹಚ್ಚು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಗ್ರಿಸೆಲ್ದಾ

ತಾ.ಕ.: ನನಗೆ ಹೇಳಿದ್ದರು, ಚಿಕ್ಕಮ್ಮ. ಆ ಗುರುವಾರ ಗೇಟಿನ ಹತ್ತಿರ ಕಾವಲುಗಾರ ಸೆಫೆರಿನೋ, "ಇವತ್ತು ನೀರಿಲ್ಲ ತಾಯಿ, ಯಾರೂ ಸಹಿ ಹಾಕಲ್ಲ, ಮನೆಗೆ ಹೋಗಿ" ಎಂದು ಎರಡು ಸಲ ಹೇಳಿದ. ಅವನ ಕೈಯಲ್ಲಿ ನೀರು ತುಂಬಿದ ಬಕೆಟ್ ಇತ್ತು. ನನಗೆ ಎಲ್ಲ ಅರ್ಥವಾಯಿತು. ನಾನು ಡಿಸೆಂಬರ್‌ವರೆಗಿನ ಬದಲಿ ಶಿಕ್ಷಕಿ. ನನ್ನ ಹೆಸರಿನ ಮುಂದೆ ಖಾಲಿ ಬಿಟ್ಟರೆ ಮತ್ತೆ ಕರೆಯುವುದಿಲ್ಲವೇನೋ ಎಂದು ಹೆದರಿ ಸಹಿ ಹಾಕಿದೆ. ನಿನ್ನೆ ಮೇಡಂ "ಮರೆತೆ" ಎಂದಾಗ ಸೆಫೆರಿನೋ ಅಲ್ಲೇ ನೆಲ ಒರೆಸುತ್ತಿದ್ದ. ತಲೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ನಾಡಿದ್ದು ಸಂಘದ ಸಭೆ. ಮಾತಾಡುವವರು ಮೊದಲೇ ಹೆಸರು ಬರೆಸಬೇಕು. ಮಧ್ಯಾಹ್ನ ಓವಿದಿಯೋ ಹತ್ತಿರ ಹೋಗಿ ನನ್ನ ಹೆಸರು ಬರೆದುಕೊಳ್ಳಲು ಹೇಳಿದೆ. "ನೀನಾ? ಎಷ್ಟು ನಿಮಿಷ ಬೇಕಮ್ಮ?" ಎಂದ.

ಎರಡು ಸಾಕು ಎಂದೆ.